ಮಳೆಯಲ್ಲಿ ನಿಲ್ಲುವ ಔಷಧಿ: ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೋರ್ಡೊ ದ್ರಾವಣದ ಚರಿತ್ರೆ

ರೋಗಾಣುವನ್ನು ಕೊಲ್ಲುವ ವಸ್ತುವನ್ನು ಹುಡುಕುವುದಕ್ಕಿಂತ, ಅದನ್ನು ಬೇಕಾದ ಜಾಗದಲ್ಲಿ, ಬೇಕಾದಷ್ಟು ದಿನ, ಬೇಕಾದಷ್ಟೇ ಪ್ರಮಾಣದಲ್ಲಿ ಉಳಿಸಿಕೊಳ್ಳುವುದು ಹೆಚ್ಚು ಕಷ್ಟದ ಕೆಲಸವೆಂಬುದು ವೈದ್ಯಶಾಸ್ತ್ರಕ್ಕೆ ತಡವಾಗಿ ಮನವರಿಕೆಯಾದ ಸಂಗತಿ. ನುಂಗಿದ ಕೂಡಲೇ ಪೂರ್ತಿ ಕರಗಿಬಿಡದೆ ಹನ್ನೆರಡು ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಔಷಧವನ್ನು ಬಿಟ್ಟುಕೊಡುವ ಗುಳಿಗೆಗಳು ಅಮೆರಿಕದ ಸ್ಮಿತ್ ಕ್ಲೈನ್ ಆಂಡ್ ಫ್ರೆಂಚ್ ಕಂಪನಿಯಿಂದ 'ಸ್ಪ್ಯಾನ್ಸೂಲ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1952ರಲ್ಲಿ. ಇಂದು ರಕ್ತದೊತ್ತಡಕ್ಕೂ ಮಧುಮೇಹಕ್ಕೂ ಔಷಧ ಅಂಗಡಿಯಲ್ಲಿ ಸಿಗುವ, ಹೆಸರಿನ ಮುಂದೆ 'ಎಸ್‌ಆರ್' ಎಂಬ ಅಕ್ಷರಗಳಿರುವ, ಒಡೆದು ನುಂಗಬಾರದೆಂದು ವೈದ್ಯರು ಎಚ್ಚರಿಸುವ ಮಾತ್ರೆಗಳೆಲ್ಲ ಆ ಪರಂಪರೆಯವು. ಆದರೆ ನಿಧಾನವಾಗಿ ಕರಗುವುದನ್ನೇ ಗುಣವಾಗಿ ಮಾಡಿಕೊಂಡ ಒಂದು ಔಷಧ ಅದಕ್ಕೆ ನಾಲ್ಕು ದಶಕ ಮೊದಲೇ ಮೈಸೂರು ಸಂಸ್ಥಾನದ ಮಲೆನಾಡಿಗೆ ಬಂದಿತ್ತು, ಮತ್ತು ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಮನೆಮನೆಯ ಮಳೆಗಾಲದ ದಿನಚರಿಯನ್ನೇ ಅದು ಬದಲಿಸಿತು. ಅದು ಮನುಷ್ಯರ ಔಷಧವಲ್ಲ, ಅಡಿಕೆ ಮರದ್ದು. ಆ ಭಾಗದಲ್ಲಿ 'ಔಷಧಿ ಹೊಡೆದಾಯಿತೇ' ಎಂದು ಜ್ಯೇಷ್ಠ, ಆಷಾಢದಲ್ಲಿ ಯಾರಾದರೂ ಕೇಳಿದರೆ ಅದು ಬೋರ್ಡೊ ದ್ರಾವಣದ ವಿಚಾರವೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ಮೊದಲು ಅಲ್ಲಿನ ಮಳೆಯನ್ನು ಅರ್ಥ ಮಾಡಿಕೊಳ್ಳಬೇಕು. ಗಂಗಾಮೂಲದ ಕಡೆಯಿಂದ ಇಳಿದು ಬರುವ ತುಂಗೆ ಶೃಂಗೇರಿಯನ್ನು ಸೇರುವ ಮುನ್ನ ಹಾಯುವ ಕೆರೆಕಟ್ಟೆ, ನೆಮ್ಮಾರು ಸೀಮೆ ಘಟ್ಟದ ಅಂಚಿಗೆ ಆತುಕೊಂಡಿದೆ. ಕೆರೆಕಟ್ಟೆಯ ಸುತ್ತಲಿನ ಕಾಡು 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಭಾಗ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಮೊದಲು ತಡೆಯಲ್ಪಡುವುದು ಈ ಸಾಲಿನಲ್ಲಿ, ಹೀಗಾಗಿ ಶೃಂಗೇರಿ ತಾಲ್ಲೂಕಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಕಡೆಗಳಲ್ಲಿ ಕೆರೆಕಟ್ಟೆಯೂ ಒಂದು. ಇದೇ ಘಟ್ಟಸಾಲಿನಲ್ಲಿ ಉತ್ತರಕ್ಕಿರುವ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರನ್ನು ದಾಟುತ್ತದೆ. ಕಣಿವೆಯ ತಳದಲ್ಲಿ, ಹಳ್ಳದ ಪಕ್ಕದಲ್ಲಿ, ಎರಡೂ ಬದಿ ಗುಡ್ಡದ ನೆರಳಿರುವ ಕಡೆ ತೋಟ ಮಾಡುವುದು ಇಲ್ಲಿನ ಹಳೆಯ ಪದ್ಧತಿ. ಬೇಸಿಗೆಯಲ್ಲಿ ನೀರು, ತಂಪು ಎರಡನ್ನೂ ಕೊಡುವ ಆ ಜಾಗ ಮಳೆಗಾಲದಲ್ಲಿ ವಾರಗಟ್ಟಲೆ ಒಣಗದ ತೇವದ ಗೂಡಾಗುತ್ತದೆ.

ಆ ತೇವದಲ್ಲಿ ಹುಟ್ಟುವುದು ಕೊಳೆರೋಗ. ಎಳೆಯ ಅಡಿಕೆಯ ತೊಟ್ಟಿನ ಬಳಿ ನೀರಲ್ಲಿ ನೆಂದಂಥ ಕಡುಹಸಿರು ಮಚ್ಚೆಯೊಂದು ಕಾಣಿಸಿಕೊಳ್ಳುತ್ತದೆ, ಅದು ಕಾಯಿಯನ್ನೆಲ್ಲ ಆವರಿಸುತ್ತದೆ, ತೊಟ್ಟು ಬಿಟ್ಟು ಕಾಯಿ ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿ ಹತ್ತಿಯಂಥ ಬೂಸು ಬೆಳೆಯುತ್ತದೆ. ರೋಗ ಗೊಂಚಲಿನಿಂದ ಮರದ ಸುಳಿಗೆ ಹಬ್ಬಿದರೆ ಮರವೇ ಸಾಯುತ್ತದೆ. ಹತೋಟಿ ಮಾಡದ ತೋಟಗಳಲ್ಲಿ ನಷ್ಟ ಶೇಕಡಾ 10ರಿಂದ ಶೇಕಡಾ 90ರವರೆಗೂ ಹೋಗಬಹುದೆಂದು ಕೃಷಿ ವಿಜ್ಞಾನಿಗಳು ದಾಖಲಿಸಿದ್ದಾರೆ. ಇದಕ್ಕೆ ಕಾರಣವಾದ ಜೀವಿ ಫೈಟಾಫ್ತೊರಾ ಕುಲಕ್ಕೆ ಸೇರಿದ್ದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಮಹಾಕ್ಷಾಮಕ್ಕೆ ದಾರಿ ಮಾಡಿದ ಜೀವಿಯೂ ಅದೇ ಕುಲದ್ದು. ಶಿಲೀಂಧ್ರದಂತೆ ಕಂಡರೂ ಶಿಲೀಂಧ್ರಗಳಿಗಿಂತ ಬೇರೆಯಾದ ಈ ಗುಂಪಿನ ಜೀವಿಗಳ ವಿಶೇಷವೆಂದರೆ, ತಣ್ಣನೆಯ ನೀರು ಸಿಕ್ಕಾಗ ಇವುಗಳ ಬೀಜಕೋಶ ಒಡೆದು ಬಾಲವಿರುವ ಸೂಕ್ಷ್ಮ ಬೀಜಕಗಳು ಹೊರಬಂದು ನೀರಿನ ಪದರದಲ್ಲೇ ಈಜಿ ಹೊಸ ಕಾಯಿಯನ್ನು ಸೇರುತ್ತವೆ. ಮಳೆಹನಿ, ಗಾಳಿ, ಒದ್ದೆ ಕಾಯಿ ಮೂರೂ ಒಟ್ಟಿಗೆ ಸೇರಿದರೆ ಒಂದು ಮರದ ರೋಗ ತೋಟದ್ದಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಔಷಧ ಬರುವ ಮೊದಲು ಮಲೆನಾಡಿನವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು. ಅಡಿಕೆಯ ಹಾಳೆಯಿಂದಲೋ ಕರಡವೆಂಬ ಗುಡ್ಡದ ಹುಲ್ಲಿನಿಂದಲೋ ಟೊಪ್ಪಿಗೆಯಂಥ ಹೊದಿಕೆ ಮಾಡಿ, ಮಳೆ ಹಿಡಿಯುವ ಮುನ್ನ ಕೊನೆಗಾರ ಮರ ಹತ್ತಿ ಪ್ರತಿಯೊಂದು ಕೊನೆಗೂ ಅದನ್ನು ಬಿಗಿದು ಬರುತ್ತಿದ್ದ. ಕೊನೆಯೆಂದರೆ ಅಡಿಕೆಯ ಗೊಂಚಲು. ಅದನ್ನು ಇಳಿಸುವ, ಮರದ ತುದಿಯ ಕೆಲಸಗಳನ್ನೆಲ್ಲ ಮಾಡುವ ಕಸಬಿನವನು ಕೊನೆಗಾರ. ನೀರು ತಾಗದ ಕಾಯಿಗೆ ಕೊಳೆ ಬರುವುದಿಲ್ಲವೆಂಬ ತಿಳಿವಳಿಕೆ ಈ ಪದ್ಧತಿಯ ಹಿಂದಿತ್ತು, ಮತ್ತು ಆ ತಿಳಿವಳಿಕೆ ಸಂಪೂರ್ಣ ಸರಿಯಾದದ್ದೆಂಬುದನ್ನು ನಂತರದ ವಿಜ್ಞಾನ ದೃಢಪಡಿಸಿತು. ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ, ಅದರ ನಡೆಯನ್ನು ಮಾತ್ರ ಗಮನಿಸಿ ತಲುಪಿದ ಇಂಥ ತೀರ್ಮಾನಕ್ಕೆ ಕೃಷಿಯ ಇತಿಹಾಸದಲ್ಲಿ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ. ಕೊಟ್ಟೆಯ ತೊಡಕು ಬೇರೆ ಕಡೆಗಿತ್ತು: ಬೇಸಿಗೆಯಲ್ಲೇ ಸಾವಿರಾರು ಕೊಟ್ಟೆಗಳನ್ನು ಕಟ್ಟಿ ಒಟ್ಟಿಡಬೇಕು, ಒಂದೊಂದು ಮರದ ಎರಡು ಮೂರು ಕೊನೆಗಳಿಗೂ ಬೇರೆ ಬೇರೆಯಾಗಿ ಬಿಗಿಯಬೇಕು, ಗಾಳಿಗೆ ಹಾರಿದರೆ ಮತ್ತೆ ಹತ್ತಬೇಕು, ಮಳೆ ಕಳೆದ ಮೇಲೆ ಬಿಚ್ಚಬೇಕು. ದೊಡ್ಡ ತೋಟದವರಿಗೆ ಕೂಲಿಯ ಹೊರೆ, ಸಣ್ಣ ತೋಟದವರಿಗೆ ಸಮಯದ ಹೊರೆ.

ಇತ್ತ ಯುರೋಪಿನಲ್ಲಿ ದ್ರಾಕ್ಷಿ ಬೆಳೆಗಾರರು ಇನ್ನೊಂದು ಬಗೆಯ ಬೂಸು ರೋಗದಿಂದ ಕಂಗಾಲಾಗಿದ್ದರು. 1878ರ ಸುಮಾರಿಗೆ ಅಮೆರಿಕದಿಂದ ಫ್ರಾನ್ಸಿಗೆ ಬಂದ ಆ ರೋಗ ಬೋರ್ಡೊ ಸೀಮೆಯ ದ್ರಾಕ್ಷಿ ಎಲೆಗಳನ್ನು ಒಣಗಿಸುತ್ತಿದ್ದಾಗ, ಬೋರ್ಡೊ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪಿಯರ್ ಮೇರಿ ಅಲೆಕ್ಸಿ ಮಿಲಾರ್ಡೆ 1882ರ ಶರತ್ಕಾಲದಲ್ಲಿ ಸಾಂ ಜೂಲಿಯಾಂ ಎಂಬ ಊರಿನ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿನವರು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀಲಿ ನೀರನ್ನು ಎರಚುತ್ತಿದ್ದರು. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್ ಹರಳು. ರಸಾಯನವಿಜ್ಞಾನಿ ಯುಲಿಸ್ ಗಯೋಂ ಜೊತೆಗೂಡಿ ಮಿಲಾರ್ಡೆ ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ಆ ಮಿಶ್ರಣಕ್ಕೆ ಬೋರ್ಡೊ ಊರಿನ ಹೆಸರೇ ನಿಂತಿತು.

ಮೈಸೂರು ಸಂಸ್ಥಾನಕ್ಕೆ ಇದನ್ನು ತಂದವರು ಕೆನಡಾದ ಲೆಸ್ಲಿ ಸಿ. ಕೋಲ್ಮನ್. 1878ರಲ್ಲಿ ಒಂಟಾರಿಯೊದಲ್ಲಿ ಹುಟ್ಟಿ, ಟೊರೊಂಟೊದಲ್ಲೂ ಜರ್ಮನಿಯಲ್ಲೂ ಓದಿ, 1908ರಲ್ಲಿ ಸಂಸ್ಥಾನದ ಶಿಲೀಂಧ್ರತಜ್ಞರಾಗಿಯೂ ಕೀಟತಜ್ಞರಾಗಿಯೂ ಬಂದ ಅವರು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ರಾಜ್ಯದ ಬೇಸಾಯದ ದಿಕ್ಕನ್ನು ತಿದ್ದಿದರು. ಕೊಳೆರೋಗದ ಬಗ್ಗೆ ಅವರಿಗಿಂತ ಮೊದಲು ಇಂಪೀರಿಯಲ್ ಶಿಲೀಂಧ್ರತಜ್ಞ ಇ. ಜೆ. ಬಟ್ಲರ್ 1906ರಲ್ಲಿ ಬರೆದಿದ್ದರು. ಆದರೆ ಮಳೆಗಾಲದ ಮಲೆನಾಡಿನಲ್ಲೇ ನಿಂತು ರೋಗದ ಜೀವನಕ್ರಮವನ್ನು ಬಿಡಿಸಿ ನೋಡಿ, ಹತೋಟಿಯ ವಿಧಾನದವರೆಗೂ ಒಯ್ದವರು ಕೋಲ್ಮನ್. 1910ರಲ್ಲಿ ಮೈಸೂರು ಕೃಷಿ ಇಲಾಖೆ ಪ್ರಕಟಿಸಿದ ಅವರ ಕೊಳೆರೋಗದ ಪ್ರಬಂಧ ಅಡಿಕೆಯ ಬಗೆಗಿನ ಆಧುನಿಕ ವೈಜ್ಞಾನಿಕ ಸಾಹಿತ್ಯದ ಮೊದಲ ದೊಡ್ಡ ಕೃತಿಯೆಂದರೆ ತಪ್ಪಲ್ಲ. ಅವರು ಗುರುತಿಸಿದ ಜೀವಿಗೆ ನಂತರದ ವರ್ಗೀಕರಣಕಾರರು ಫೈಟಾಫ್ತೊರಾ ಅರೆಕೆ ಎಂದೂ, ಇನ್ನೂ ಈಚಿನವರು ಫೈಟಾಫ್ತೊರಾ ಮೀಡಿಯೈ ಎಂದೂ ಹೆಸರಿಟ್ಟರು. ಹೆಸರು ಬದಲಾದರೂ ಅವರು ತೋರಿಸಿದ ಸತ್ಯ ಬದಲಾಗಲಿಲ್ಲ. ಈ ಈಜುವ ಬೀಜಕಗಳಿಗೆ ಗಟ್ಟಿ ಹೊರಪೊರೆ ಇಲ್ಲದಿರುವುದರಿಂದ ಅತ್ಯಲ್ಪ ತಾಮ್ರವೂ ಅವನ್ನು ಕೊಲ್ಲುತ್ತದೆ. ಒಮ್ಮೆ ಅವು ಕಾಯಿಯ ಒಳಗೆ ಇಳಿದವೆಂದರೆ ಹೊರಗಿನ ತಾಮ್ರ ಏನೂ ಮಾಡಲಾರದು. ಆದ್ದರಿಂದ ಔಷಧ ರೋಗಕ್ಕಿಂತ ಮೊದಲೇ ಕಾಯಿಯ ಮೇಲಿರಬೇಕು, ಮತ್ತು ಮಳೆಗಾಲ ಮುಗಿಯುವವರೆಗೂ ಇರಬೇಕು.

ಕಷ್ಟವಿದ್ದದ್ದು ಇಲ್ಲೇ. ಬೋರ್ಡೊ ಸೀಮೆಯಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಶೃಂಗೇರಿಯ ಮೇಲ್ಭಾಗದಲ್ಲಿ ಒಂದು ತಿಂಗಳೊಳಗೇ ಸುರಿದುಬಿಡಬಹುದು. ದ್ರಾಕ್ಷಿಯ ಎಲೆ ಒರಟು. ಅಡಿಕೆಯ ಕಾಯಿ ಮೇಣದ ಪೊರೆಯಿಂದ ನುಣುಪಾದದ್ದು, ನೀರು ಅದರ ಮೇಲೆ ಹನಿಗಟ್ಟಿ ಜಾರುತ್ತದೆ. ಇದಕ್ಕೆ ಪರಿಹಾರವಾಗಿ ದ್ರಾವಣಕ್ಕೆ ರಾಳ ಮತ್ತು ಸೋಡಾ ಸೇರಿಸುವ ಕ್ರಮ ಕೋಲ್ಮನ್ನರ ಕಾಲದಲ್ಲಿ ಬಳಕೆಗೆ ಬಂತು. ಮರದ ಅಂಟಾದ ರಾಳವನ್ನು ಬಟ್ಟೆ ಸೋಡಾದೊಂದಿಗೆ ನೀರಿನಲ್ಲಿ ಕುದಿಸಿದರೆ ಅದೊಂದು ಬಗೆಯ ಸಾಬೂನಾಗುತ್ತದೆ. ಆ ಸಾಬೂನು ಸುಣ್ಣದ ನೀರಿಗೆ ಬಿದ್ದಾಗ ಕರಗದ ಅಂಟಾಗಿ ಮಾರ್ಪಟ್ಟು ತಾಮ್ರದ ಕಣಗಳನ್ನು ನುಣುಪಾದ ಕಾಯಿಗೆ ಹಿಡಿಸುತ್ತದೆ. ಮುಂದಿನ ದಶಕಗಳ ಸಂಶೋಧಕರಲ್ಲಿ ಕೆಲವರು ಸರಿಯಾಗಿ ತಯಾರಿಸಿದ ಬೋರ್ಡೊಗೆ ಬೇರೆ ಅಂಟು ಬೇಕಾಗಿಲ್ಲವೆಂದು ವಾದಿಸಿದರೂ, ಮೈಲುತುತ್ತ, ಸುಣ್ಣ, ರಾಳ ಎಂಬ ತ್ರಯ ಮಲೆನಾಡಿನ ರೂಢಿಯಿಂದ ಕದಲಲಿಲ್ಲ.

ತಯಾರಿಯ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದು ಔಷಧಾಲಯದ ಕೆಲಸಕ್ಕೆ ಎಷ್ಟು ಸಮೀಪದ್ದೆಂಬುದು ತಿಳಿಯುತ್ತದೆ. ಶೇಕಡಾ ಒಂದರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತವನ್ನು ಗೋಣಿ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ತೂಗುಬಿಟ್ಟು ಕರಗಿಸಬೇಕು; ಪಾತ್ರೆ ಮರದ್ದೋ ಮಣ್ಣಿನದೋ ಆಗಬೇಕು, ಈಗ ಪ್ಲಾಸ್ಟಿಕ್ಕಿನದಾದರೂ ಸರಿ, ಆದರೆ ಕಬ್ಬಿಣದ್ದಾಗಬಾರದು, ಏಕೆಂದರೆ ಕಬ್ಬಿಣ ತಾಮ್ರವನ್ನು ನೀರಿನಿಂದ ಎಳೆದುಕೊಂಡು ತಾನು ಕರಗುತ್ತದೆ. ಬೇರೆ ಪಾತ್ರೆಯಲ್ಲಿ ಸುಣ್ಣವನ್ನು ಅರಳಿಸಿ, ತಿಳಿಗೊಳಿಸಿ, ಸೋಸಿ, ಆರಿದ ಮೇಲೆ ಅದಕ್ಕೆ ಮೈಲುತುತ್ತದ ನೀರನ್ನು ತಿರುವುತ್ತ ನಿಧಾನವಾಗಿ ಸುರಿಯಬೇಕು. ಆಗ ಉಂಟಾಗುವ ಆಕಾಶನೀಲಿಯ ಲೋಳೆಯೇ ಔಷಧ. ಅದು ಹದವಾಗಿದೆಯೇ ಎಂದು ನೋಡಲು ಉಜ್ಜಿ ಬೆಳಗಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಗಂದು ಬಣ್ಣ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ, ಅಂಥದ್ದು ಎಳೆಗಾಯಿಯನ್ನು ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಅಲಗು ಬೆಳ್ಳಗೇ ಇದ್ದರೆ ತಾಮ್ರವೆಲ್ಲ ಕರಗದ ರೂಪಕ್ಕೆ ಬಂದಿದೆ. ಲಿಟ್ಮಸ್ ಕಾಗದ ಬಂದ ಮೇಲೂ ಈ ಪರೀಕ್ಷೆ ತೋಟದ ಮೂಲೆಯಲ್ಲಿ ಉಳಿದುಕೊಂಡಿದೆ. ಲೋಳೆ ಹಳಸಿದರೆ ಹರಳುಗಟ್ಟಿ ಅಂಟುವ ಶಕ್ತಿ ಕಳೆದುಕೊಳ್ಳುವುದರಿಂದ ಅಂದು ಮಾಡಿದ್ದನ್ನು ಅಂದೇ ಹೊಡೆದು ಮುಗಿಸಬೇಕು.

ಮರದ ಬುಡದಲ್ಲಿ ಒಬ್ಬ ಪಂಪು ಒತ್ತುತ್ತಾನೆ. ಮರ ಹತ್ತುವ ಬಳೆಯಾದ ತಳೆಯನ್ನು ಕಾಲಿಗೆ ಹಾಕಿಕೊಂಡ ಕೊನೆಗಾರ ಪೈಪಿನ ತುದಿಯನ್ನು ಹಿಡಿದು ಮೇಲೇರಿ, ಕೊನೆಯ ಮುಂಭಾಗ ಮಾತ್ರವಲ್ಲದೆ ಕಾಂಡಕ್ಕೆ ಅಂಟಿಕೊಂಡ ಹಿಂಭಾಗ, ಎಸಳುಗಳ ಸಂದು, ತೊಟ್ಟಿನ ಸುತ್ತ ಎಲ್ಲವೂ ನೆನೆಯುವಂತೆ ಹೊಡೆಯುತ್ತಾನೆ. ಕೆಳಗೆ ಇಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುವ ಅವನ ಕೌಶಲವಿಲ್ಲದಿದ್ದರೆ ಈ ಔಷಧ ಪ್ರಯೋಗಾಲಯದ ಮಾತಾಗಿಯೇ ಉಳಿಯುತ್ತಿತ್ತು. ಕೊಟ್ಟೆ ಕಟ್ಟುತ್ತಿದ್ದ ಕೈಯೇ ಪೈಪು ಹಿಡಿಯಿತು. ಹಳೆಯ ಕಸಬಿನ ಹೆಗಲ ಮೇಲೆ ಹೊಸ ರಸಾಯನವಿಜ್ಞಾನ ಮರದ ತುದಿಗೇರಿತು.

ಕಾಯಿಯ ಮೇಲೆ ಒಣಗಿದ ನೀಲಿ ಪದರ ಮುಂದೆ ಏನು ಮಾಡುತ್ತದೆಂಬುದು ಈ ಔಷಧದ ಅತ್ಯಂತ ಸೊಗಸಾದ ಭಾಗ. ಅದರಲ್ಲಿರುವ ತಾಮ್ರ ನೀರಿನಲ್ಲಿ ಬಹುತೇಕ ಕರಗದ ಕ್ಷಾರೀಯ ಸಲ್ಫೇಟಿನ ರೂಪದ್ದು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಕೊಂಚ ಆಮ್ಲೀಯವಾಗಿರುವುದರಿಂದ ಪ್ರತಿ ಮಳೆಗೂ ಆ ಪದರದಿಂದ ತಾಮ್ರದ ಅಯಾನುಗಳು, ಎಂದರೆ ವಿದ್ಯುದಾವೇಶವುಳ್ಳ ಬಿಡಿ ಕಣಗಳು, ಅತ್ಯಲ್ಪ ಪ್ರಮಾಣದಲ್ಲಿ ಬಿಡುಗಡೆಯಾಗುತ್ತವೆ. ಹೆಚ್ಚು ತೇವವಿದ್ದಾಗ, ಎಂದರೆ ರೋಗದ ಅಪಾಯ ಹೆಚ್ಚಿದ್ದಾಗಲೇ, ಔಷಧ ಹೊರಬರುತ್ತದೆ, ಒಣಗಿದ್ದಾಗ ಸುಮ್ಮನಿರುತ್ತದೆ. ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಮ್ಯಾಕಲನ್ ಮತ್ತು ವಿಲ್ಕಾಕ್ಸನ್ 1936ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಶಿಲೀಂಧ್ರದ ಬೀಜಕಗಳೇ ಸ್ರವಿಸುವ ಸಾವಯವ ದ್ರವ್ಯಗಳು ಬೋರ್ಡೊ ಪದರದ ತಾಮ್ರವನ್ನು ಕರಗಿಸುತ್ತವೆಂದು, ಅಂದರೆ ದಾಳಿಗೆ ಬಂದ ಬೀಜಕ ತನ್ನನ್ನು ಕೊಲ್ಲುವ ವಿಷವನ್ನು ತಾನೇ ಬಿಡಿಸಿಕೊಳ್ಳುತ್ತದೆಂದು, ಅವರು ತೋರಿಸಿದರು. ಈ ವಿಲ್ಕಾಕ್ಸನ್ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಕೇಳಿರುವ ಪರೀಕ್ಷೆಯೊಂದಕ್ಕೆ ಹೆಸರು ಕೊಟ್ಟವರೇ.

ಮನುಷ್ಯರ ಔಷಧದಲ್ಲೂ ಇದೇ ಉಪಾಯ ಕಾಣಿಸಿಕೊಂಡಿತು: ಅದೇ 1936ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹಾಗೆಡಾರ್ನ್ ಮೀನಿನಿಂದ ಪಡೆದ ಪ್ರೋಟಮೈನ್ ಎಂಬ ಪ್ರೋಟೀನನ್ನು ಇನ್ಸುಲಿನ್ನಿಗೆ ಸೇರಿಸಿ, ಅದು ಚರ್ಮದ ಕೆಳಗೆ ಬೇಗ ಕರಗದಂತೆ ಮಾಡಿ, ಮಧುಮೇಹಿಗಳು ದಿನಕ್ಕೆ ಹಲವು ಸಲ ಚುಚ್ಚಿಸಿಕೊಳ್ಳುವ ಕಷ್ಟವನ್ನು ಕಡಿಮೆ ಮಾಡಿದ. 1950ರ ದಶಕದ ಆರಂಭದಲ್ಲಿ ಬಂದ ಬೆಂಜಥೀನ್ ಪೆನಿಸಿಲಿನ್ ಸಹ ಕರಗಲೊಲ್ಲದ ಲವಣವೇ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಡದಿರಲೆಂದು ಮಕ್ಕಳಿಗೆ ಮೂರು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ಚುಚ್ಚುಮದ್ದು ಸ್ನಾಯುವಿನಲ್ಲಿ ಕೂತು ದಿನದಿನವೂ ಸ್ವಲ್ಪ ಸ್ವಲ್ಪ ಪೆನಿಸಿಲಿನ್ನನ್ನು ರಕ್ತಕ್ಕೆ ಬಿಡುತ್ತದೆ. ಬಲವಾದ ಔಷಧವನ್ನು ಕರಗಲು ಹಿಂಜರಿಯುವ ರೂಪಕ್ಕೆ ತಂದು ದೇಹದ ನೀರೇ ಅದನ್ನು ಬಿಡಿಸಿಕೊಳ್ಳುವಂತೆ ಮಾಡುವ ಈ ತತ್ತ್ವ ಮೈಲುತುತ್ತಕ್ಕೆ ಸುಣ್ಣ ಬೆರೆಸುವ ತತ್ತ್ವವೇ ಆಗಿದೆ, ಮತ್ತು ಕೊಪ್ಪದ ಬೆಳೆಗಾರನೂ ಕೋಪನ್‌ಹೇಗನ್ನಿನ ವೈದ್ಯನೂ ಪರಸ್ಪರ ಅರಿಯದೆ ಒಂದೇ ಸಮಸ್ಯೆಯನ್ನು ಒಂದೇ ಬಗೆಯಲ್ಲಿ ಬಿಡಿಸಿದ್ದರೆಂಬುದು ವಿಜ್ಞಾನದ ಇತಿಹಾಸಕಾರರು ಗಮನಿಸಬೇಕಾದ ವಿಷಯ.

ಇದೇ ಸೀಮೆಯ ಕಾಫಿ ತೋಟಗಳಿಗೂ ಬೋರ್ಡೊ ಹಬ್ಬಿತು. ಕಾಫಿಯ ಎಲೆರೋಗದ ಹಾವಳಿಗೆ ಪರಿಹಾರ ಹುಡುಕಲು ಮೈಸೂರು ಸರ್ಕಾರ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವನ್ನು ತೆರೆಯಿತು. ಯಡೇಹಳ್ಳಿಗೆ ಯುವರಾಜರ ಹೆಸರಿಟ್ಟು ನರಸಿಂಹರಾಜಪುರವೆಂದು ಕರೆದದ್ದೂ ಅದೇ ವರ್ಷ. ಹತ್ತು ವರ್ಷದ ನಂತರ, 1925ರಲ್ಲಿ, ಆ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ ಕೋಲ್ಮನ್ನರ ಮುತುವರ್ಜಿಯಿಂದ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು; ಮುಂದೆ ಕಾಫಿ ಮಂಡಳಿಗೆ ಸೇರಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದದ್ದು ಇದೇ. ಎಲೆರೋಗಕ್ಕೆ ಶೇಕಡಾ ಅರ್ಧದ, ಕಾಫಿಯ ಕೊಳೆರೋಗಕ್ಕೆ ಶೇಕಡಾ ಒಂದರ ದ್ರಾವಣವೆಂಬ ಅಳತೆ ಕಾಫಿ ಬೆಳೆಗಾರರಿಗೆಲ್ಲ ಬಾಯಿಪಾಠ.

ಒಂದು ಸಲದ ಔಷಧದ ಪ್ರಭಾವ ಸುಮಾರು 40ರಿಂದ 45 ದಿನವೆಂಬ ಲೆಕ್ಕ ಕಾಲಕ್ರಮದಲ್ಲಿ ನೆಲೆನಿಂತಿತು, ಮತ್ತು ಆ ಲೆಕ್ಕ ಮಲೆನಾಡಿನವರ ಮಳೆನಕ್ಷತ್ರಗಳ ಪಂಚಾಂಗದೊಳಗೆ ಸಲೀಸಾಗಿ ಕೂತುಕೊಂಡಿತು. ಜೂನ್ ಮೊದಲ ವಾರದ ಕೊನೆಗೆ ಹುಟ್ಟುವ ಮೃಗಶಿರಾ ಮಳೆಗೆ ಮುನ್ನ ಮೊದಲ ಔಷಧಿ ಮುಗಿದಿರಬೇಕು. ಪುನರ್ವಸು, ಪುಷ್ಯ ಮಳೆಗಳ ನಡುವೆ, ಜುಲೈನಲ್ಲಿ, ಎರಡನೆಯದು. ಮಳೆ ಎಳೆದರೆ ಆಶ್ಲೇಷ ಕಳೆದ ಮೇಲೆ ಮೂರನೆಯದು. ಎರಡನೆಯ ಔಷಧಿಯೇ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಅದಕ್ಕೆ ಹೊಳವು ಬೇಕು, ಅಂದರೆ ಕೊನೆ ಒಣಗುವಷ್ಟು, ಹೊಡೆದ ಔಷಧ ಆರಿ ಹಿಡಿಯುವಷ್ಟು ಹೊತ್ತು ಮಳೆ ಬಿಟ್ಟುಕೊಡಬೇಕು. ಕೆರೆಕಟ್ಟೆಯಂಥ ಕಡೆ ಪುನರ್ವಸುವಿನಲ್ಲಿ ಅಂಥ ಹೊಳವು ಸಿಗುವುದು ಅಪರೂಪ, ಸಿಕ್ಕ ಹೊತ್ತಿನಲ್ಲಿ ಎಲ್ಲ ತೋಟದವರಿಗೂ ಅದೇ ಕೊನೆಗಾರ, ಅದೇ ಪಂಪು ಬೇಕು. 2013ರ ಮುಂಗಾರಿನಲ್ಲಿ ಬಿಡುವಿಲ್ಲದ ಮಳೆಯಿಂದಾಗಿ ಮಲೆನಾಡು, ಕರಾವಳಿಗಳಲ್ಲಿ ಕೊಳೆರೋಗ ವ್ಯಾಪಕವಾಗಿ ಹರಡಿದಾಗ ಸೋಲಿಗೆ ಕಾರಣ ಔಷಧದ ಗುಣವಲ್ಲ, ಅದನ್ನು ಹೊಡೆಯಲು ಬೇಕಾದ ಒಣ ಗಂಟೆಗಳ ಅಭಾವ. ವಿಟ್ಲದಲ್ಲಿ 1956ರಲ್ಲಿ ಆರಂಭವಾಗಿ 1970ರಿಂದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗವಾಗಿರುವ ಅಡಿಕೆ ಸಂಶೋಧನಾ ಕೇಂದ್ರ ಬೋರ್ಡೊದ ಜೊತೆಗೇ ಕೊನೆಗೆ ಪಾಲಿಥೀನ್ ಹೊದಿಕೆ ಕಟ್ಟುವುದನ್ನೂ ಶಿಫಾರಸು ಮಾಡಿತು. ಹಾಳೆಯ ಬದಲು ಪ್ಲಾಸ್ಟಿಕ್ಕಿನಲ್ಲಿ ಕೊಟ್ಟೆ ಹೀಗೆ ಮರಳಿ ಬಂತು. ಈಚಿನ ವರ್ಷಗಳಲ್ಲಿ ಕೊನೆಗಾರರ ಕೊರತೆ ತೀವ್ರವಾದಂತೆ ಇಂಗಾಲದ ನಾರಿನ ಹಗುರ ದೋಟಿಗಳು ಬಂದು, ನೆಲದಲ್ಲೇ ನಿಂತು ಔಷಧಿ ಹೊಡೆಯುವುದು ಸಾಧ್ಯವಾಗಿದೆ.

ಆದರೂ ಮೇಲ್ಮೈಯಲ್ಲಿ ಕೂರುವ ಔಷಧಕ್ಕೆ ಮೇಲ್ಮೈಯೇ ಎಲ್ಲೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ಸೊರಗಿಸುತ್ತಿರುವ ಹಳದಿ ಎಲೆ ರೋಗದ ಕಾರಣವಾದ ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಮರದ ಆಹಾರನಾಳದ ಒಳಗೆ ವಾಸಿಸುವುದರಿಂದ ಬೋರ್ಡೊ ಅದನ್ನು ಮುಟ್ಟಲಾರದು. ಆ ರೋಗ ಹೊಕ್ಕ ತೋಟಗಳನ್ನು ಕಳೆದುಕೊಂಡ ಕುಟುಂಬಗಳ ಸಂಕಟಕ್ಕೆ ಇಂದಿಗೂ ಔಷಧವಿಲ್ಲ. ಈಚೆಗೆ ಹಬ್ಬಿದ ಎಲೆಚುಕ್ಕಿ ರೋಗದಲ್ಲಿ ಕೊನೆಗೆ ಮಾತ್ರವಲ್ಲ, ಇಡೀ ತಲೆಯ ಸೋಗೆಗಳಿಗೆ ಔಷಧ ತಲುಪಬೇಕು, ಇದು ಕೊನೆಗೆ ಹೊಡೆಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಕೆಲಸ.

ಇನ್ನೊಂದು ಲೆಕ್ಕ ನೆಲದಲ್ಲಿ ನಡೆದಿದೆ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. 200 ಲೀಟರಿನ ಒಂದು ಡ್ರಮ್ ದ್ರಾವಣವೆಂದರೆ ಸುಮಾರು ಅರ್ಧ ಕಿಲೋ ತಾಮ್ರ. ಕಾಯಿಯ ಸಿಪ್ಪೆಯ ಮೇಲೆ ಉಳಿದದ್ದು ಅಡಿಕೆ ಸುಲಿಯುವಾಗ ಸಿಪ್ಪೆಯೊಡನೆ ಹೋಗುತ್ತದೆ, ಉಳಿದದ್ದು ಮಳೆಯೊಡನೆ ಬುಡಕ್ಕೆ ಇಳಿಯುತ್ತದೆ. ಸಾವಯವ ಕೀಟನಾಶಕಗಳಂತೆ ತಾಮ್ರ ಒಡೆದು ಬೇರೆ ವಸ್ತುವಾಗುವುದಿಲ್ಲ, ಸೊಪ್ಪು ಗೊಬ್ಬರದಿಂದ ಸಮೃದ್ಧವಾದ ಮೇಲ್ಮಣ್ಣಿಗೆ ಅಂಟಿಕೊಂಡು ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಎರೆಹುಳುಗಳಿಗೂ, ಹಳ್ಳಕ್ಕೆ ಸೇರಿದರೆ ಮೀನುಗಳಿಗೂ ಅದು ಹಾನಿಕರ. ಬೋರ್ಡೊ ಹುಟ್ಟಿದ ಫ್ರಾನ್ಸ್ ಸೇರಿದಂತೆ ಐರೋಪ್ಯ ಒಕ್ಕೂಟ 2018ರಲ್ಲಿ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋಗಿಂತ ಹೆಚ್ಚು ತಾಮ್ರ ಬಳಸಬಾರದೆಂದು ಮಿತಿ ಹಾಕಿತು. ಮಲೆನಾಡಿನ ಮಣ್ಣು ಸ್ವಭಾವತಃ ಹುಳಿ, ಹುಳಿ ಮಣ್ಣಿನಲ್ಲಿ ತಾಮ್ರ ಹೆಚ್ಚು ಸುಲಭವಾಗಿ ಕರಗುತ್ತದೆ. ಆದ್ದರಿಂದ ತಲೆಮಾರುಗಳಿಂದ ಔಷಧಿ ಹೊಡೆಸಿಕೊಂಡ ತೋಟಗಳಲ್ಲಿ ಮಣ್ಣಿನ ಪರೀಕ್ಷೆಗೆ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಜೊತೆ ತಾಮ್ರವನ್ನೂ ಸೇರಿಸಿ ನೋಡಿಸುವುದು, ಹುಳಿ ಹೆಚ್ಚಿದ್ದರೆ ಬುಡಕ್ಕೆ ಸುಣ್ಣ ಕೊಡುವುದು ಅಗತ್ಯವಾಗಿದೆ.